ಸೊರಬಕ್ಕೆ ಹೊರಟ ಬೋರಮಾಳ

ಸೊಸೈಟಿಯ ಅಕ್ಕಸಾಲಿಗ ಉಜ್ಜಪ್ಪ ಸರದ ಒಂದು ಗುಂಡನ್ನು ಒರೆಗಲ್ಲಿಗೆ ತಿಕ್ಕಿದ. ಗೆರೆಯ ಮೇಲೆ ಆಸಿಡ್ ಬಿಟ್ಟ. ಹಸಿರು ನೊರೆಯೆದ್ದು ಗೆರೆ ಅಳಿಸಿಹೋಯಿತು.

"ಇದು ಬಂಗಾರ ಅಲ್ಲಮ್ಮ. ಹಿತ್ತಾಳೆ."

ರಾಜೇಶ್ವರಮ್ಮನಿಗೆ ಕೂತ ಬೆಂಚೇ ಕುಸಿದಂತಾಯಿತು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಹೆಂಗಸು ಅವಳು. ಅದನ್ನು ತೆರೆಯಲು ಅತ್ತೆಯ ಬಂಗಾರದ ಗುಂಡಿನ ಬೋರಮಾಳ ಸರವನ್ನು ನಾಗರಾಜಪ್ಪ ಶಾವ್ಕಾರರಲ್ಲಿ ಅಡವಿಟ್ಟಿದ್ದಳು. ತಿಂಗಳ ಬಡ್ಡಿ ನೂರಕ್ಕೆ ಮೂರು. ಕಡಿಮೆ ಬಡ್ಡಿಯ ಒಡವೆ ಸಾಲಕ್ಕೆ ಬ್ಯಾಂಕಿನವರು ಪಹಣಿ ಕೇಳಿದರು, ಅವಳಿಗೆ ಜಮೀನಿಲ್ಲ. ಸೊರಬದ ಈ ಸೊಸೈಟಿಯಲ್ಲಿ ಬಡ್ಡಿ ಅರ್ಧಕ್ಕರ್ಧ. ಸಾಲವನ್ನು ಇಲ್ಲಿಗೆ ಬದಲಾಯಿಸಿದರೆ ಒಂದಲ್ಲ ಒಂದು ದಿನ ತೀರೀತು ಎಂದುಕೊಂಡಿದ್ದಳು.

ಮಧ್ಯೆ ಸರ ಬಿಡಿಸಲು ಕೈಗಡ ಕೊಟ್ಟವನು, ಊರವರ ಅಡವಿನ ಒಡವೆ ಬಿಡಿಸಿಕೊಡುವ ಪರಿಚಯದ ಪುಟ್ಟಪ್ಪ. ಸೊಸೈಟಿಯ ದುಡ್ಡು ಬಂದೊಡನೆ ಅವನಿಗೆ ತಿರುಗಿಸಬೇಕು. ತಪ್ಪಿದರೆ ಖಾನಾವಳಿ ಅವನದು. ಅವನೂ ಜೊತೆಗೇ ಬಂದಿದ್ದ.

ಸೊಸೈಟಿಯವರು ಠಾಣೆಗೆ ಹೇಳಿ ಕಳಿಸಿದರು.

* * *

ಠಾಣೆಯಿಂದ ಬಂದ ದಫೇದಾರ್ ಗುರುಮಲ್ಲಪ್ಪನವರದು ಮಾತು ಕಡಿಮೆ. ಮಠದ ಜಗುಲಿಯಲ್ಲಿ ಕಣ್ಣು ಮುಚ್ಚಿ ಪುರಾಣ ಕೇಳುತ್ತ ಬೆಳೆದವರು. ಹೇಳುವವರು ಒಂದು ಸಾಲು ನುಂಗಿದರೂ ಕಣ್ಣು ತೆರೆಯುತ್ತಿದ್ದರು.

ಸರವನ್ನು ಬೆಳಕಿಗೆ ಹಿಡಿದರು. ಗುಂಡುಗಳ ಸಂದಿಯಲ್ಲಿ ಕೆಂಪಗೆ ಕುಂಕುಮ. ಅದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡು ಕೇಳಿದರು.

"ಬಿಡಿಸಿದ್ದು ಯಾವತ್ತಮ್ಮ?"

"ಗುರುವಾರ್ರೀ. ಶುಕ್ರವಾರ ಬಂಗಾರ ಹೊಸ್ತಿಲು ದಾಟಿಸಂಗಿಲ್ಲ. ದೇವರ ಮುಂದಿಟ್ಟು ಪೂಜೆ ಮಾಡಿ ಇವತ್ತು ತಂದೆ. ಶಾವ್ಕಾರ್ರು ಕೊಟ್ಟ ಕೆಂಪು ಚೀಲದಾಗೇ ಐತಿ."

"ದಾರೀಲಿ ಯಾರ ಕೈಗಾದ್ರೂ ಕೊಟ್ರಾ?"

"ಯಾರಿಗೂ ಇಲ್ರೀ." ಸೆರಗು ಬಾಯಿಗೆ ಹಿಡಿದಳು. ಉಜ್ಜಪ್ಪ ನೀರು ತಂದುಕೊಟ್ಟ.

ಗುರುಮಲ್ಲಪ್ಪ ಜಗುಲಿಗೆ ಬಂದರು. ಪುಟ್ಟಪ್ಪ ಎಲೆಅಡಿಕೆ ಜಗಿಯುತ್ತ ಕೂತಿದ್ದ. ಸಂಚಿ ಕಂಕುಳಲ್ಲಿತ್ತು.

"ಇದ್ರಾಗೆ ವಿಚಾರ ಮಾಡೋದೇನೈತ್ರೀ ಸಾಹೇಬ್ರೆ? ಸರದ ಮ್ಯಾಲೆ ಪೂಜೆ ಕುಂಕುಮ ಇನ್ನೂ ಐತಿ. ಅಂದ್ರ ಪೂಜೆ ಮಾಡಿದ್ದೇ ಹಿತ್ತಾಳಿಗೆ! ಶಾವ್ಕಾರ ಕೊಡುವಾಗ್ಲೇ ಟೋಪಿ ಹಾಕ್ಯಾನ."

ಮಾತು ಸರಿಯಾಗಿಯೇ ಇತ್ತು.

"ಒಂದೆಲೆ ಕೊಡಿ ಮಾರಾಯ್ರೆ, ಬಾಯಿ ಒಣಗಿದೆ."

"ತೀರ್ಯಾವ್ರೀ," ಎಂದ ಪುಟ್ಟಪ್ಪ.

* * *

ಶಿಕಾರಿಪುರ ಠಾಣೆಗೆ ಫೋನ್ ಹೋಯಿತು. ಅಲ್ಲಿಯವರು ನಾಗರಾಜಪ್ಪನನ್ನು ಕರೆಸಿ ಫೋನ್ ಕೊಟ್ಟರು. ಶಾವ್ಕಾರನಿಗೆ ಕೋಪವಿತ್ತು, ಹೆದರಿಕೆಯಿರಲಿಲ್ಲ.

"ಗಿರಾಕಿ ಬಿಟ್ಟು ಹೋದ್ಲು ಅಂತ ಹೊಟ್ಟಿ ಉರಿ ಐತಿ, ಸುಳ್ಳೇನು? ಆದ್ರ ಅವಳೆದುರಿಗೇ ತೂಗಿ, ಒರೆಗೆ ಹಚ್ಚಿ ಕೊಟ್ಟೀನಿ. ಪ್ಯಾಟಿ ಮಂದಿ ನೋಡ್ಯಾರ."

ಗುರುಮಲ್ಲಪ್ಪ ಫೋನ್ ಇಟ್ಟು ಒಳಗೆ ಬಂದರು. ರಾಜೇಶ್ವರಮ್ಮನ ಎದುರು ಕೂತು ಕಣ್ಣು ಮುಚ್ಚಿದರು.

"ಪೂಜೆ ಹೆಂಗೆ ಮಾಡಿದ್ರಿ? ಒಂದೂ ಬಿಡದೆ ಹೇಳಿ."

"ಮಣೆ ಮ್ಯಾಲೆ ಇಟ್ಟೆ. ವಿಭೂತಿ ಹಚ್ಚಿದೆ. ಪತ್ರಿ ಏರಿಸಿ ಕೈ ಮುಗಿದೆ."

"ಕುಂಕುಮ?"

"ಅಯ್ಯೋ, ಇಲ್ರೀ! ಸಾಲದಾಗಿರೋ ಒಡವಿಗೆ ನಮ್ಮನ್ಯಾಗೆ ಕುಂಕುಮ ಹಚ್ಚಂಗಿಲ್ಲ. ಸಾಲ ತೀರಿ ನಮ್ದು ಅನ್ನೋ ದಿನಾನೇ ಹಚ್ಚೋದು. ನಮ್ಮತ್ತಿ ಹಾಕಿದ ಪದ್ಧತಿ."

ಗುರುಮಲ್ಲಪ್ಪ ಕಣ್ಣು ತೆರೆದರು.

"ಬಸ್ ಹತ್ತುವಾಗ ರಶ್ ಇತ್ತಾ?"

"ಕಾಲಿಡಾಕ ಜಾಗ ಇರ್ಲಿಲ್ಲ. ಪುಟ್ಟಪ್ಪಣ್ಣ ಮೊದ್ಲು ಹತ್ತಿ, ಕಿಟಕಿಯಿಂದ ನನ್ನ ಕೈಚೀಲ ಇಸ್ಕಂಡು ಸೀಟು ಹಿಡಿದ್ರು."

"ಯಾರ ಕೈಗೂ ಕೊಟ್ಟಿಲ್ಲ ಅಂದ್ರಲ್ಲ?"

"ಅವ್ರು ಬ್ಯಾರೇರೇನ್ರೀ?" ಎಂದವಳು ಅಲ್ಲಿಗೇ ತಡೆದಳು.

* * *

ಪುಟ್ಟಪ್ಪನನ್ನು ಒಳಗೆ ಕರೆದರು. ಗುರುಮಲ್ಲಪ್ಪ ಕಾಗದ ಬಿಚ್ಚಿ ಸರವನ್ನು ಮೇಜಿನ ಮೇಲಿಟ್ಟರು.

"ಶಾವ್ಕಾರ ಕೊಟ್ಟಿದ್ದು ಇದೇ ಆಗಿದ್ರೆ, ಇದರ ಮೇಲೆ ಈಯಮ್ಮ ಹಚ್ಚಿದ ವಿಭೂತಿ ಇರಬೇಕಿತ್ತು. ಇಲ್ಲಿರೋದು ಕುಂಕುಮ. ಅಂದ್ರೆ ಇದು ಅವರ ದೇವರ ಮುಂದೆ ಕೂತ ಸರ ಅಲ್ಲ. ಪೂಜೆ ಅನ್ನೋ ಸುದ್ದಿ ಗೊತ್ತಿದ್ದು, ಆ ಮನೆ ಪದ್ಧತಿ ಗೊತ್ತಿಲ್ದೋರು ಹಚ್ಚಿದ್ದು. ತಪ್ಪು ಶಾವ್ಕಾರನ ತಲೆಗೆ ಕಟ್ಟೋಕೆ. ಅಮ್ಮ, ಪೂಜೆ ವಿಷಯ ಯಾರಿಗೆ ಹೇಳಿದ್ರಿ?"

"ಗುರುವಾರಾನೇ ಹೊರಡೋಣ ಅಂದ್ರು ಪುಟ್ಟಪ್ಪಣ್ಣ. ಅವರಿಗೊಬ್ಬರಿಗೇ ಹೇಳಿದ್ದು."

"ಹಿತ್ತಾಳೆ ಸರ ಹೊಂದಿಸೋಕೆ ಒಂದು ಶುಕ್ರವಾರ ಸಿಕ್ತು. ಶಾವ್ಕಾರನ ಅಂಗಡಿ ಕೆಂಪು ಚೀಲ ಇವರ ಹತ್ರಾನೂ ಇರುತ್ತೆ, ಅಡವಿನ ವ್ಯವಹಾರ ಮಾಡೋರು. ಈಯಮ್ಮ ಬಾಗಿಲಲ್ಲಿ ಗುದ್ದಾಡ್ತಿರುವಾಗ ಇವರು ಸೀಟಿನಲ್ಲಿ ಕೂತು ಚೀಲಕ್ಕೆ ಚೀಲ ಬದಲಾಯಿಸಿದ್ರು. ಬಿಚ್ಚಿ ನೋಡ್ಲಿಲ್ಲ. ನೋಡಿದ್ರೆ ವಿಭೂತಿ ಕಾಣ್ತಿತ್ತು. ಸರಾನೂ ಸಿಗುತ್ತೆ, ಖಾನಾವಳೀನೂ ಸಿಗುತ್ತೆ."

"ಬಾಯಿಗೆ ಬಂದಂಗೆ ಮಾತಾಡಬ್ಯಾಡ್ರೀ! ಸಾಕ್ಷಿ ಏನೈತಿ?"

"ಜಗೀತಾ ಕೂತೋನು ಕೇಳಿದವರಿಗೆ ಒಂದೆಲೆ ಇಲ್ಲ ಅಂದಿದ್ದು ನಾನು ಎಲ್ಲೂ ಕಂಡಿಲ್ಲ. ಸಂಚಿ ಬಿಚ್ಚಿ."

ಪುಟ್ಟಪ್ಪ ಬಿಚ್ಚಲಿಲ್ಲ. ಗುರುಮಲ್ಲಪ್ಪನವರೇ ಬಿಚ್ಚಿದರು. ಮೇಲಿನ ಪದರದಲ್ಲಿ ಎಲೆ ಬೇಕಾದಷ್ಟಿದ್ದವು. ಒಳಪದರದಲ್ಲಿ ಕೆಂಪು ಚೀಲ. ಅದರೊಳಗೆ ಬೋರಮಾಳ, ಗುಂಡುಗಳ ಸಂದಿಯಲ್ಲಿ ಬೆಳ್ಳಗೆ ವಿಭೂತಿ.

ಉಜ್ಜಪ್ಪ ಒರೆಗಲ್ಲಿಗೆ ಹಚ್ಚಿದ. ಆಸಿಡ್ ಬಿಟ್ಟರೂ ಈ ಸಲ ಗೆರೆ ಅಳಿಸಿಹೋಗಲಿಲ್ಲ.

ಪುಟ್ಟಪ್ಪ ತಲೆ ತಗ್ಗಿಸಿದ.

"ಇದು ಕೋರ್ಟಿಗೆ ಹೋಗಬೇಕಮ್ಮ," ಎಂದರು ಗುರುಮಲ್ಲಪ್ಪ. "ಅರ್ಜಿ ಹಾಕಿದ್ರೆ ಬಿಟ್ಟುಕೊಡ್ತಾರೆ. ಆಮೇಲೆ ಸೊಸೈಟಿಗೆ ತನ್ನಿ. ಅಲ್ಲಿವರೆಗೆ ಖಾನಾವಳಿ ಯಾರೂ ಮುಟ್ಟದಂಗೆ ನಾನು ನೋಡ್ಕೋತೀನಿ."

ರಾಜೇಶ್ವರಮ್ಮ ಸರವನ್ನು ಒಮ್ಮೆ ಸವರಿದಳು. ಬೆರಳಿಗೆ ಹತ್ತಿದ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡಳು. ಆಮೇಲೆ ಪುಟ್ಟಪ್ಪನತ್ತ ತಿರುಗಿದಳು.

"ನಿನ್ನ ರೊಕ್ಕ ಮುಳುಗಿಸಲ್ಲಣ್ಣ. ಪೈಸಾ ಬಿಡದಂಗೆ ಕೊಡ್ತೀನಿ. ಈ ಸರಕ್ಕೆ ಕುಂಕುಮ ಹಚ್ಚೋ ದಿನ ಊಟಕ್ಕೂ ಕರೀತೀನಿ. ಆದ್ರ ಆವತ್ತು ನಿನ್ನ ಸಂಚಿ ಮನ್ಯಾಗೇ ಬಿಟ್ಟು ಬಾ."