ಜಲಗಂಡಕ್ಕೆ ಇನ್ನು ಹದಿನೆಂಟು ದಿನ

ಕಿತ್ತಳೆ ಸಿಪ್ಪೆಯ ವಾಸನೆ ಬಂದರೆ ಚಂದನಾಳ ಎದೆ ಈಗಲೂ ಒಮ್ಮೆ ಝಲ್ಲೆನ್ನುತ್ತದೆ. ಆ ವಾಸನೆಯ ಕೆಳಗೆ ಇನ್ನೊಂದು ವಾಸನೆ ಅಡಗಿರುವುದು ಅವಳಿಗೆ ಗೊತ್ತು. ಎಸ್ಟೇಟ್ ಕೆರೆಯ ಪಾಚಿ, ಕೆಸರು, ದಂಡೆಯ ಮೇಲಿನ ಪಂಪಿನ ಡೀಸೆಲ್. ಅವಳಿಗೆ ಎಂಟು ವರ್ಷವಿದ್ದಾಗ, ಭಾನುವಾರದ ಮಧ್ಯಾಹ್ನಗಳಲ್ಲಿ ಅಪ್ಪ ಆ ಕೆರೆಯಲ್ಲಿ ಕದ್ದು ಈಜು ಕಲಿಸುತ್ತಿದ್ದರು. ಕೂದಲು ಬಿಸಿಲಿಗೆ ಒಣಗಿದ ಮೇಲೆ ಕಿತ್ತಳೆ ಸಿಪ್ಪೆ ಹಿಂಡಿ ನೆತ್ತಿಗೆ ತಿಕ್ಕುತ್ತಿದ್ದರು. ಮನೆ ಬಾಗಿಲಲ್ಲಿ ಅಮ್ಮ ಮಗಳ ತಲೆ ಮೂಸಿ ನೋಡಲು ನಿಂತಿರುತ್ತಿದ್ದಳು.

ಅಮ್ಮ ಸುಲೋಚನಮ್ಮನ ಹೆದರಿಕೆಗೆ ಕಾರಣವಿತ್ತು. ಇಪ್ಪತ್ತೆಂಟು ತುಂಬುವವರೆಗೆ ಜಲಗಂಡಾಂತರ ಎಂದು ಜಾತಕ ಬರೆದವರು ಹೇಳಿದ್ದರು. ಊರ ಬಾಯಲ್ಲಿ ಅದು ಸವೆದು ಜಲಗಂಡವಾಗಿತ್ತು. "ನಮ್ಮ ಹುಡುಗಿಗೆ ಜಲಗಂಡ ಐತೆ" ಎಂದು ಅಮ್ಮ ಯಾರಿಗೋ ಹೇಳಿದ್ದನ್ನು ಕೇಳಿದ ಪುಟ್ಟ ಚಂದನಾ, ಕೆರೆಯ ತಳದಲ್ಲಿ ತನಗೊಬ್ಬ ಗಂಡ ಕಾದು ಕೂತಿದ್ದಾನೆಂದು ಬಹಳ ದಿನ ನಂಬಿದ್ದಳು.

ಅಪ್ಪ ಜವರಪ್ಪ ಶನಿವಾರಸಂತೆಯ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. "ನೀರಿಂದ ಅಪಾಯ ಐತೆ ಅಂದ್ರೆ ನೀರನ್ನ ಕಲೀಬೇಕು ಕಣವ್ವ" ಎನ್ನುತ್ತ, ಉದ್ದನೆಯ ಬಿದಿರು ಗಳ ಹಿಡಿದು, ಎಡದಂಡೆಯ ಮೇಲೆ ಅವಳ ಜೊತೆಜೊತೆಗೆ ನಡೆಯುತ್ತಿದ್ದರು. ಉಸಿರಿಗಾಗಿ ಎಡಕ್ಕೆ ಮುಖ ಹೊರಳಿಸಿದಾಗಲೆಲ್ಲ ಅವರ ಬಿಳಿ ಪಂಚೆ ಕಾಣುತ್ತಿತ್ತು.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಚಂದನಾ ಕೊಡ್ಲಿಪೇಟೆ ಕಡೆಯ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಅಂಚೆ ಹಂಚುವ ಕೆಲಸದಲ್ಲಿದ್ದಳು. ಜಲಗಂಡದ ಹೆಸರಿನಲ್ಲಿ ಎರಡು ಸಂಬಂಧಗಳು ತಪ್ಪಿಹೋಗಿದ್ದವು. ಒಂದು ದಿನ ಅಂಚೆ ಕಚೇರಿಯ ಗೋಡೆಗೆ ಯಾರೋ ಒಂದು ಪೋಸ್ಟರ್ ಅಂಟಿಸಿ ಹೋದರು. ಹಿನ್ನೀರಿನಲ್ಲಿ ಟ್ರಯಥ್ಲಾನ್. ಏಳುನೂರೈವತ್ತು ಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ. ತಾರೀಖು ನೋಡಿ ಅವಳು ಬೆರಳು ಮಡಚಿ ಎಣಿಸಿದಳು. ಅಂದಿಗೆ ಅವಳಿಗೆ ಇಪ್ಪತ್ತೆಂಟು ತುಂಬಲು ಇನ್ನೂ ಹದಿನೆಂಟು ದಿನ ಉಳಿದಿರುತ್ತವೆ.

ಗಡುವು ಕಳೆದ ಮೇಲೆ ನೀರಿಗಿಳಿದರೆ ಜಾತಕವೇ ತನ್ನನ್ನು ಬಿಟ್ಟು ಕಳಿಸಿದಂತೆ. ಅದಕ್ಕೆ ಮೊದಲೇ ದಾಟಬೇಕು. ಅವಳು ಹೆಸರು ಕೊಟ್ಟಳು. ಅಮ್ಮನಿಗೆ ಹೇಳಲಿಲ್ಲ.

ಮರುದಿನ ಎಸ್ಟೇಟ್ ಕೂಲಿಗಳ ಲೈನ್ ಮನೆಗಳಲ್ಲಿ ಔಷಧದ ಪಾರ್ಸೆಲ್ ಕೊಡುವಾಗ, ಮುದುಕಿ ಮುದ್ದಿ ಅವಳ ಕೈ ಹಿಡಿದುಕೊಂಡಳು. "ಹಿನ್ನೀರಲ್ಲಿ ಏನೋ ಆಟ ಆಡ್ತಾರಂತಲ್ಲ. ಆ ನೀರು ವರ್ಷಕ್ಕೊಬ್ಬರನ್ನ ಕೇಳುತ್ತೆ ಮಗ. ಈ ವರ್ಷ ಇನ್ನೂ ಕೇಳಿಲ್ಲ."

*

ಹೊಸಬರಿಗೆಂದು ಇಟ್ಟ ಮೊದಲ ಅಭ್ಯಾಸದ ದಿನ ಚಂದನಾ ಚೆನ್ನಾಗಿಯೇ ಈಜುತ್ತಿದ್ದಳು, ಯಾರೋ ಹಿಂದಿನಿಂದ ಹಿಡಿದು ಎಳೆಯುವವರೆಗೆ. ಸೊಂಟಕ್ಕೆ ಕಟ್ಟಿಕೊಂಡ, ಹಿಂದೆ ತೇಲಿಬರುವ ಗಾಳಿಚೀಲದ ಹಗ್ಗ ಕಯಾಕ್ ಎಂಬ ಕಿರುದೋಣಿಯಲ್ಲಿ ಕೂತ ಒಬ್ಬನ ಮುಷ್ಟಿಯಲ್ಲಿತ್ತು.

"ಬಿಡಿ. ಯಾರು ಕರೆದ್ರು ನಿಮ್ಮನ್ನ?"

"ಯಾರೂ ಕರೀಲಿಲ್ಲ. ಕರೆಯೋ ಹೊತ್ತಿಗೆ ತಡ ಆಗಿರುತ್ತೆ."

"ನಾನು ನೇರ ಹೋಗ್ತಾ ಇದ್ದೆ."

"ತಲೆ ಎತ್ತಿ ನೋಡಿ ಮೇಡಂ."

ನೋಡಿದಳು. ಮುಟ್ಟಬೇಕಾಗಿದ್ದ ಬಾವುಟ ಬಲಕ್ಕೆ ಎಲ್ಲೋ ದೂರ ಉಳಿದಿತ್ತು. ಎದುರಿಗೆ ನೀರಿನಿಂದ ಕಪ್ಪು ತುದಿಗಳು ಎದ್ದು ನಿಂತಿದ್ದವು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡು. ಒಂದರ ಮೇಲೂ ಹಕ್ಕಿ ಕೂತಿರಲಿಲ್ಲ.

"ಮೇಲೆ ಕಾಣೋದು ತುದಿ ಅಷ್ಟೆ. ಕೊಂಬೆ ಎಲ್ಲ ಕೆಳಗಿವೆ" ಎಂದ ಅವನು. "ಹಿಡಿದ್ರೆ ಬಿಡಲ್ಲ."

ಮಾತಾಡುವಾಗ ಅವನು ಅವಳ ಮುಖ ನೋಡಲಿಲ್ಲ. ಕಣ್ಣು ಅವಳ ಭುಜದಾಚೆ ನೀರಿನ ಮೇಲೆಯೇ ಓಡುತ್ತಿತ್ತು, ತುಟಿ ಏನನ್ನೋ ಗೊಣಗುತ್ತಿತ್ತು. ಎಂಥ ಸೊಕ್ಕು ಎಂದುಕೊಂಡಳು ಚಂದನಾ.

ಅವನು ಮೂರ್ನಾಡಿನ ಲೋಕೇಶ್, ರಾಫ್ಟಿಂಗ್ ಗೈಡ್. ಈ ಸ್ಪರ್ಧೆಯಲ್ಲಿ ನೀರಿನ ಕಾವಲು ಅವನದು. ಮುಂದಿನ ಭಾನುವಾರ ಅವನೇ ಕಯಾಕನ್ನು ಅವಳ ಬಲಕ್ಕೆ ತಂದ.

"ನೀವು ಎಡಕ್ಕೆ ಮಾತ್ರ ಉಸಿರು ತಗೋತೀರಿ. ಅದಕ್ಕೇ ಎಡಕ್ಕೇ ತಿರುಗಿ ಹೋಗ್ತೀರಿ. ಬಲಕ್ಕೂ ನೋಡಿ."

"ಬಲಕ್ಕೆ ನೋಡೋಕೆ ಏನಿದೆ?"

"ಈಗ ನಾನಿದೀನಲ್ಲ."

ನೋಡಲು ಹೋಗಿ ಅವಳು ಬಾಯ್ತುಂಬ ನೀರು ಕುಡಿದಳು. ಅವನು ನಗದಿರಲು ಬಹಳ ಕಷ್ಟಪಟ್ಟ. ಕಯಾಕ್ ಸಣ್ಣಗೆ ಅಲುಗಾಡಿದ್ದರಿಂದ ಗುಟ್ಟು ರಟ್ಟಾಯಿತು.

"ನಕ್ಕುಬಿಡಿ ಪರವಾಗಿಲ್ಲ. ಪೋಸ್ಟ್ ಮೇಡಂ ನೀರು ಕುಡಿದ್ರು ಅಂತ ಮೂರ್ನಾಡಿಗೆಲ್ಲ ಹೇಳಿ."

"ಹೇಳಲ್ಲ. ಕಾಗದ ಬರೀತೀನಿ. ನೀವೇ ಹಂಚಬೇಕಾಗುತ್ತೆ."

ದಡದಲ್ಲಿ ಅವನು ಫ್ಲಾಸ್ಕಿನ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿ, ಮೊದಲು ಅವಳ ಕೈಗೆ ಕೊಡುತ್ತಿದ್ದ. ಅವಳ ಬೆರಳು ನಡುಗುವುದನ್ನು ಕಂಡು ಮುಚ್ಚಳವನ್ನು ಅರ್ಧ ಮಾತ್ರ ತುಂಬುತ್ತಿದ್ದ. ಅದನ್ನು ಅವಳು ಗಮನಿಸಿದ್ದಳು.

ಹಾಗೊಂದು ದಿನ ಅವಳು ಅಪ್ಪನ ವಿಷಯ ಹೇಳಿದಳು. ಜಾತಕದ ವಿಷಯವನ್ನೂ.

"ಚಿಕ್ಕೋಳಿದ್ದಾಗ ನೀರೊಳಗೆ ಗಂಡ ಇದಾನೆ ಅಂದ್ಕೊಂಡಿದ್ದೆ" ಎಂದು ನಕ್ಕಳು. ನಕ್ಕ ಮೇಲೆ, ನೀರಿನ ಮೇಲೆಯೇ ಬದುಕುವ ಗಂಡಸಿನ ಮುಂದೆ ತಾನೇನು ಹೇಳಿದೆನೆಂಬುದು ಹೊಳೆದು, ಕಾಫಿಯೊಳಕ್ಕೆ ಕಣ್ಣು ತಗ್ಗಿಸಿದಳು. ಅವನ ಕಿವಿ ಕೆಂಪಾಗಿತ್ತು.

ಆದರೆ ಅವನು ನಗಲಿಲ್ಲ. ಅವನ ಕಣ್ಣು ಕಪ್ಪು ತುದಿಗಳ ಕಡೆ ಹೋಯಿತು.

"ಬೋಜ ಅಂತ ನನ್ನ ಸ್ನೇಹಿತ ಇದ್ದ. ನಾನೂ ಅವನೂ ಒಟ್ಟಿಗೆ ಗೈಡ್ ಆಗಿದ್ವಿ. ಎರಡು ವರ್ಷ ಆಯ್ತು, ಅಲ್ಲೇ ಈಜ್ತಾ ಇದ್ದ. ನಾನು ಯಾರ ಹತ್ರವೋ ಮಾತಾಡ್ತಾ ಈ ಕಡೆ ತಿರುಗಿದೆ. ಮತ್ತೆ ತಿರುಗಿ ನೋಡಿದಾಗ ನೀರು ಸಪಾಟಾಗಿತ್ತು. ಮೂರನೇ ದಿನ ಸಿಕ್ಕಿದ."

ಅಭ್ಯಾಸದ ದಿನ ಅವನ ತುಟಿ ಗೊಣಗುತ್ತಿದ್ದದ್ದು ಏನೆಂದು ಆಗ ಅವಳಿಗೆ ತಿಳಿಯಿತು. ಅವನು ತಲೆ ಎಣಿಸುತ್ತಿದ್ದ.

"ಈ ರೇಸ್ ಬೇಡ ಮೇಡಂ" ಎಂದ ಲೋಕೇಶ್ ಮೆಲ್ಲಗೆ. "ಆ ಹದಿನೆಂಟು ದಿನ ಕಳೀಲಿ. ಆಮೇಲೆ ಎಲ್ಲಿ ಬೇಕಾದ್ರೂ ಈಜೋಣ."

ಅವಳು ಮುಚ್ಚಳವನ್ನು ಕೆಳಗಿಟ್ಟಳು. "ನೀವೂ ಅಮ್ಮನ ಹಾಗೇ. ನನ್ನನ್ನ ದಡದಲ್ಲಿ ಕೂರಿಸೋಕೆ ಇನ್ನೊಬ್ಬರು ಬೇಕಾಗಿರಲಿಲ್ಲ ನಂಗೆ."

ಮುಂದಿನ ಭಾನುವಾರ ಅವಳು ಅಭ್ಯಾಸಕ್ಕೆ ಹೋಗಲಿಲ್ಲ. ಬಲಕ್ಕೆ ಉಸಿರಾಡುವುದು ಕಲಿಯದೇ ಉಳಿಯಿತು.

*

ಸ್ಪರ್ಧೆಯ ಬೆಳಿಗ್ಗೆ ಹಿನ್ನೀರಿನ ಮೇಲೆ ಮಂಜು ಮಲಗಿತ್ತು. ಮಡಿಕೇರಿಯಲ್ಲಿ ಟ್ರೈನಿಂಗ್ ಇದೆಯೆಂದು ಅಮ್ಮನಿಗೆ ಸುಳ್ಳು ಹೇಳಿ ಬಂದಿದ್ದಳು. ಸಂಘಟಕರು ಪೂಜೆಗೆಂದು ಒಡೆದ ತೆಂಗಿನಕಾಯಿ ಕೊಳೆತಿತ್ತು. ಒಬ್ಬರು ಅದನ್ನು ಬೇಗ ಬುಟ್ಟಿಯ ಕೆಳಗೆ ತಳ್ಳಿ ಇನ್ನೊಂದು ತಂದರು.

ನಲವತ್ತೊಂದು ಮಂದಿ ನೀರಿಗಿಳಿದರು. ಮಂಜಿನಂಚಿನಲ್ಲಿ ಲೋಕೇಶನ ಕಯಾಕ್ ನಿಂತಿತ್ತು. ಅವನು ಅವಳನ್ನು ನೋಡಿದ. ಅವಳು ಈಜಿನ ಕನ್ನಡಕ ಸರಿಮಾಡಿಕೊಂಡಳು.

ಪೀಪಿ ಊದಿದರು. ಕೈಕಾಲುಗಳ ಗದ್ದಲದಲ್ಲಿ ಯಾರದೋ ಹಿಮ್ಮಡಿ ದವಡೆಗೆ ಬಡಿಯಿತು. ಎಲ್ಲರ ವೇಗಕ್ಕೆ ಸರಿಗಟ್ಟಲು ಹೋಗಿ ನೂರು ಮೀಟರಿಗೇ ಅವಳ ಉಸಿರು ಹರಿದುಹೋಯಿತು. ಎಡಕ್ಕೆ ಮುಖ ಹೊರಳಿಸಿದಳು. ಮಂಜು. ಮತ್ತೆ ಎಡಕ್ಕೆ. ಬರೀ ಮಂಜು. ಅಲ್ಲಿ ಬಿಳಿಯಾಗಿ ಏನೋ ನಡೆದುಬರುತ್ತಿರುವಂತಿತ್ತು. ಅದರ ಕಡೆಗೇ ಈಜಿದಳು.

ಸುತ್ತಲಿನ ಸದ್ದು ಯಾವಾಗ ನಿಂತಿತೋ ತಿಳಿಯಲಿಲ್ಲ. ನೀರು ಒಮ್ಮೆಲೇ ತಣ್ಣಗಾಯಿತು. ಪಾದಕ್ಕೆ ಗಟ್ಟಿಯಾದ, ಲೋಳೆಯಾದ ಏನೋ ತಾಗಿತು. ಮುಂದಕ್ಕೆ ಕೈ ಬೀಸಿದರೆ ಸೊಂಟ ಬರಲಿಲ್ಲ. ಗಾಳಿಚೀಲದ ಹಗ್ಗ ಕೆಳಗೆಲ್ಲೋ ಸಿಕ್ಕಿಕೊಂಡಿತ್ತು. ಜಗ್ಗಿದಳು. ಕೆಳಗಿನಿಂದಲೂ ಜಗ್ಗಿದಂತಾಯಿತು.

ಕೂಗಲು ತೆರೆದ ಬಾಯಿಗೆ ನೀರು ನುಗ್ಗಿತು. ಅಮ್ಮ ಹೇಳಿದ್ದೇ ನಿಜ ಎಂಬ ಯೋಚನೆ, ಆಶ್ಚರ್ಯವೆಂದರೆ, ಬಹಳ ಶಾಂತವಾಗಿ ಬಂತು.

"ಚಂದನಾ. ಹಿಡ್ಕೋ. ಇಲ್ಲಿ ನೋಡು, ಬಲಕ್ಕೆ."

ಕಯಾಕಿನ ಮೂತಿ ಅವಳ ಬಲಭುಜದ ಪಕ್ಕದಲ್ಲಿತ್ತು. ಎರಡು ಕೈಯಲ್ಲೂ ತಬ್ಬಿ ಹಿಡಿದಳು. ಕೆಮ್ಮಿದಳು. ಲೋಕೇಶನ ಮುಖ ಬೂದಿಯಂತಾಗಿತ್ತು.

ನಿಯಮ ಇಬ್ಬರಿಗೂ ಗೊತ್ತಿತ್ತು. ದಣಿದವರು ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದು. ದೋಣಿ ಮಾತ್ರ ಮುಂದೆ ಸಾಗಬಾರದು. ಅವನು ಒಂದು ಸಲ ಎಳೆದರೂ ಅವಳ ಸ್ಪರ್ಧೆ ಮುಗಿದಂತೆ.

"ನಾನು ಎಳೆಯಲ್ಲ" ಎಂದ ಅವನು. ಒಂದೊಂದು ಅಕ್ಷರವನ್ನೂ ಕಿತ್ತು ಕೊಟ್ಟ ಹಾಗಿತ್ತು. "ನೀನು ಹೇಳೋವರೆಗೂ ಎಳೆಯಲ್ಲ. ಹೇಳಿದ್ರೆ ಆ ಕ್ಷಣ ಎಳೀತೀನಿ. ಉಸಿರು ತಗೋ."

ಕಪ್ಪು ತುದಿಗಳ ನಡುವೆ ದೋಣಿ ನಿಂತೇ ಇತ್ತು. ಅದನ್ನು ಹಾಗೆ ನಿಲ್ಲಿಸಲು ಅವನು ಹುಟ್ಟನ್ನು ಆಚೆ ಈಚೆ ಒತ್ತುತ್ತಿದ್ದ. ಬೋಜ ಸಿಕ್ಕ ಜಾಗದಲ್ಲಿ, ಎಳೆದುಬಿಡು ಎಂದು ಮೈಯೆಲ್ಲ ಕೂಗುತ್ತಿರುವಾಗ, ಅವನು ಕದಲದೆ ಕಾದಿದ್ದ. ತನಗಾಗಿ ಯಾರೂ ಇಷ್ಟು ಕಷ್ಟದ ಕೆಲಸ ಮಾಡಿಲ್ಲ ಎನ್ನಿಸಿತು ಅವಳಿಗೆ.

"ಸೊಂಟದ ಪಟ್ಟಿ ಬಿಚ್ಚು. ಚೀಲ ಹೋದ್ರೆ ಹೋಗ್ಲಿ. ಅದನ್ನ ಕಟ್ಕೊಳ್ಳಲೇಬೇಕು ಅಂತೇನಿಲ್ಲ."

ಮರಗಟ್ಟಿದ ಬೆರಳಿಗೆ ಕೊಂಡಿ ಸಿಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಟಕ್ಕೆಂದಿತು. ಪಟ್ಟಿ ಕೆಳಕ್ಕೆ ಜಾರಿತು. ಗಾಳಿಚೀಲ ಒಮ್ಮೆ ಗಿರಕಿ ಹೊಡೆದು ಕೊಂಬೆಯ ಹತ್ತಿರವೇ ಉಳಿಯಿತು.

"ಬಲಕ್ಕೇ ಇರ್ತೀಯಾ?" ಎಂದು ಕೇಳಿದಳು.

"ಇರ್ತೀನಿ."

ಅವಳು ಕೈ ಬಿಟ್ಟಳು. ಬಲಕ್ಕೆ ಮುಖ ಹೊರಳಿಸಿದಳು. ಹುಟ್ಟಿನಿಂದ ತೊಟ್ಟಿಕ್ಕುವ ನೀರು, ಒದ್ದೆ ತೋಳು, ಎಣಿಸುವ ತುಟಿ. ಅರ್ಧ ಉಸಿರು, ಅರ್ಧ ನೀರು. ಮತ್ತೆ ಬಲಕ್ಕೆ. ಈಗ ಮುಕ್ಕಾಲು ಉಸಿರು. ದಡ ಮುಟ್ಟುವ ಹೊತ್ತಿಗೆ ಅವಳು ಕೊನೆಯವಳಾಗಿದ್ದಳು. ಕಾಲ ಕೆಳಗೆ ನೆಲವಿತ್ತು.

ಗಾಬರಿಯಲ್ಲಿ ಹೆಲ್ಮೆಟ್ಟಿನ ಪಟ್ಟಿ ಹಾಕದೆ ಸೈಕಲ್ ಮುಟ್ಟಿದ್ದಕ್ಕೆ ಬೆಳ್ಯಪ್ಪ ಎಂಬ ರೆಫರಿ ತಡೆದರು. ಮುಖ ಗಂಟಿಕ್ಕಿಕೊಂಡಿದ್ದರೂ, "ನಿಧಾನ ಮಗಳೇ, ಬೆರಳು ಬೆಚ್ಚಗಾಗ್ಲಿ. ರಸ್ತೆ ಎಲ್ಲಿಗೂ ಓಡಿಹೋಗಲ್ಲ" ಎಂದರು. ಏರುಗಳನ್ನು ಅವಳ ಕಾಲುಗಳು ಅಂಚೆಚೀಲ ಹೊತ್ತೇ ಕಲಿತಿದ್ದವು. ಒಬ್ಬೊಬ್ಬರನ್ನಾಗಿ ಏಳು ಮಂದಿಯನ್ನು ಹಿಂದೆ ಹಾಕಿದಳು. ಓಟಕ್ಕೆ ಇಳಿದಾಗ ಕಾಲುಗಳು ಬೇರೆ ಯಾರದೋ ಆಗಿದ್ದವು. ಇನ್ನೊಬ್ಬರ ವೇಗ ತನ್ನದಲ್ಲ ಎನ್ನುವುದು ಅಷ್ಟರಲ್ಲಿ ಮನಸ್ಸಿಗೆ ಬಂದಿತ್ತು. ಕಾಫಿ ಗಿಡಗಳ ಸಾಲು ಎಣಿಸುತ್ತ, ಅಲ್ಲಲ್ಲಿ ನಡೆದು, ಮತ್ತೆ ಓಡಿ, ಮೂವತ್ತನಾಲ್ಕನೆಯವಳಾಗಿ ಮುಗಿಸಿದಳು.

ಪದಕವನ್ನು ಕೈಯಲ್ಲೇ ಹಿಡಿದು ನೀರಿನ ಕಡೆಗೆ ನಡೆದಳು. ನೀರಿನಲ್ಲಿ ಯಾರೂ ಉಳಿದಿಲ್ಲವೆಂದು ಗೊತ್ತಿದ್ದರೂ ಲೋಕೇಶ್ ಕಯಾಕಿನಿಂದ ಇಳಿದಿರಲಿಲ್ಲ. ಎಲ್ಲರೂ ಓಟ ಮುಗಿಸಿದರೆಂಬ ಸುದ್ದಿ ಬಂದ ಮೇಲೆಯೇ ದಡಕ್ಕೆ ಬಂದ. ಮರಳಿನ ಮೇಲೆಯೇ ಕೂತ. ಅವಳೂ ಪಕ್ಕದಲ್ಲಿ ಕೂತಳು.

"ನಾನು ಮುಳುಗಿದ್ರೆ?"

"ನಾನೂ ಇಳೀತಿದ್ದೆ" ಎಂದ, ಹವಾಮಾನ ಹೇಳಿದಷ್ಟು ಸಹಜವಾಗಿ.

ಆ ಮಾತು ತಂದದ್ದು ಸುಖವೋ ಭಯವೋ ಅವಳಿಗೆ ತಿಳಿಯಲಿಲ್ಲ.

"ನೀರಲ್ಲಿ ನನ್ನ ಹೆಸರು ಹಿಡಿದು ಕರೆದ್ರಿ. ನೀನು ಅಂದ್ರಿ."

ಅವನು ತಲೆ ತಗ್ಗಿಸಿದ. "ಭಯದಲ್ಲಿ ಬಾಯಿ ತಪ್ಪಿತು ಮೇಡಂ."

"ಮೇಡಂ ಅಂದ್ರೆ ಎದ್ದು ಹೋಗ್ತೀನಿ."

ಅವನು ತಲೆ ಎತ್ತಿದ. ಮೊದಲ ಸಲ ಅವನ ಕಣ್ಣು ಅವಳ ಭುಜದಾಚೆ ಹೋಗಲಿಲ್ಲ. "ಹೋಗ್ಬೇಡ" ಎಂದ.

"ಹೋಗಲ್ಲ ಕಣೋ" ಎಂದಳು ಚಂದನಾ. ಅವಳ ಬಾಯಿಯೂ ತಪ್ಪಿತ್ತು. ತಿದ್ದಿಕೊಳ್ಳಲಿಲ್ಲ.

ಹಿಂದಿನಿಂದ ಹೆಜ್ಜೆ ಸದ್ದಾಯಿತು. ತಿರುಗಿದರೆ ಅಮ್ಮ. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಬಟ್ಟೆ ಸುತ್ತಿದ ಬುತ್ತಿ. ಸ್ಪರ್ಧೆಯವರ ಪಟ್ಟಿಯಲ್ಲಿ ಚಂದನಾಳ ಹೆಸರು ಕಂಡ ಊರಿನ ಆಟೋ ಚೆನ್ನಯ್ಯ ಬೆಳಿಗ್ಗೆಯೇ ಅಮ್ಮನನ್ನು ಕರೆತಂದಿದ್ದ. ಪೀಪಿ ಊದುವ ಮೊದಲೇ ಅಮ್ಮ ಬಂದಾಗಿತ್ತು, ಮಂಜಿನಲ್ಲಿ ಮಗಳು ಮಾತ್ರ ಕಂಡಿರಲಿಲ್ಲ.

"ಅಮ್ಮ, ನಾನು..."

"ಮಂಜು ಹರಿಯೋವಾಗ ನೋಡ್ದೆ" ಎಂದಳು ಸುಲೋಚನಮ್ಮ. "ನೀನು ದೋಣಿ ಹಿಡ್ಕೊಂಡಿದ್ದೆ. ಕೂಗೋಕೆ ಬಾಯಿ ಬರ್ಲಿಲ್ಲ. ನಾನೇ ನೀರಿಗಿಳ್ದೆ, ಮೊಣಕಾಲವರೆಗೂ. ಆ ದೋಣಿ ಅಲ್ಲೇ ನಿಂತಿತ್ತು. ಅದು ನಿಂತದ್ದಕ್ಕೆ ನಾನೂ ನಿಂತೆ."

ನೀರನ್ನು ಒಮ್ಮೆ, ಶತ್ರುವನ್ನು ನೋಡುವಂತೆ, ನೋಡಿದಳು. ನಿಧಾನವಾಗಿ ಮರಳಿನ ಮೇಲೆ ಕೂತು ಗಂಟು ಬಿಚ್ಚಿದಳು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬಾಳೆಲೆಯಲ್ಲಿ ಬೆಣ್ಣೆ.

"ಕೈ ತೊಳ್ಕೊಂಡಿದೀಯೇನಪ್ಪ?" ಎಂದು ಲೋಕೇಶನನ್ನು ಕೇಳಿದಳು.

"ಬೆಳಿಗ್ಗೆಯಿಂದ ನೀರಲ್ಲೇ ಇದ್ದೆ, ಅಮ್ಮ."

ಅವಳು ಎರಡು ರೊಟ್ಟಿ ಮಡಚಿ, ಮೇಲೆ ಬೆಣ್ಣೆಯಿಟ್ಟು, ಮಗಳಿಗಿಂತ ಮೊದಲು ಅವನ ಕೈಗೆ ಕೊಟ್ಟಳು.