ಎರಡು ಸಲ ಸೀನಿದ ನಾಣ್ಯ

ಬಹಳ ಹಿಂದೆ, ಮಿಂಚುಗಲ್ಲು ರಾಜ್ಯದ ಬೊಕ್ಕಸದಲ್ಲಿ ಒಂದು ಬೆಳ್ಳಿ ನಾಣ್ಯ ಸೀನಿತು. ಕೋಟೆಯ ಬಾಗಿಲು ಮುಚ್ಚಿದರು. ಮಂತ್ರಿಗಳು ತುರ್ತಾಗಿ ಸಭೆ ಸೇರಿದರು. ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ದೋಷವಿಲ್ಲ ಎಂಬುದು ಆ ನಾಡಿನ ಮಗುವಿಗೂ ಗೊತ್ತು. ಸೀನಿದ್ದು ಎರಡು ಸಲ ಎಂದು ಕಾವಲುಗಾರ ಆಣೆಯಿಟ್ಟು ಹೇಳಿದ ಮೇಲೆ ರಾಜರು ಊಟಕ್ಕೆ ಎದ್ದರು.

ನಾಣ್ಯ ಏಕೆ ಸೀನಿತೆಂದು ಯಾರೂ ಕೇಳಲಿಲ್ಲ. ಕೇಳಿದವಳು ಗಂಗಮಾಳವ್ವ ಒಬ್ಬಳೇ. ಅವಳೂ ತಮ್ಮ ದುಂಡಪ್ಪನೂ ಅರಮನೆಯ ನಾಣ್ಯ ಪರೀಕ್ಷಕರು.

ವಾರದ ಹಿಂದೆ ಏಳು ಸಮುದ್ರದಾಚೆಯಿಂದ ಝಂಕಾಲನೆಂಬ ಮಾಂತ್ರಿಕ ಈ ನಾಣ್ಯ ತಂದಿದ್ದ. ಡಚ್ಚರ ನಾಡಿನ ಒಂದು ಪುಟ್ಟ ಸಂಸ್ಥಾನದ್ದು. ಅಲ್ಲಿಯ ದೊರೆ ಬೆಳಿಗ್ಗೆ ವಾಯುವಿಹಾರಕ್ಕೆ ಹೊರಟರೆ ತಿಂಡಿಯ ಹೊತ್ತಿಗೆ ಪರರಾಜ್ಯ ತಲುಪುತ್ತಿದ್ದ. "ಲೋಕದಲ್ಲಿ ಇದೊಂದೇ ಉಳಿದಿದೆ. ಬದಲಿಗೆ ಕೋಟೆ ಕೊಡಿ" ಎಂದ ಝಂಕಾಲ.

"ಬೆಳ್ಳಿ ಅಸಲಿ. ಬೆಲೆ ಒಂದು ಎಮ್ಮೆ. ಕರು ಬಿಟ್ಟು" ಎಂದ ದುಂಡಪ್ಪ.

ಅಂದಿನಿಂದ ದುಂಡಪ್ಪ ಕಾಣೆ. ನಾಣ್ಯದ ಮೇಲಿದ್ದ ಡಚ್ ದೊರೆಯ ಮುಖವೂ ಕಾಣೆ. ಆ ಜಾಗದಲ್ಲಿ ಗಂಗಮಾಳವ್ವ ಚೆನ್ನಾಗಿ ಬಲ್ಲ ಒಂದು ಮೊಂಡು ಮೂಗು.

"ನನ್ನ ತಮ್ಮನ್ನ ಬಿಡೋ!" ಎಂದು ಅವಳು ನಾಣ್ಯ ಹಿಡಿದು ಝಂಕಾಲನ ಮುಂದೆ ನಿಂತಳು.

ಝಂಕಾಲ ಚಿಟಿಕೆ ಹೊಡೆದ. ಒಂದು ನಾಣ್ಯ ಮೂರಾಯಿತು. "ಮೂರು ಪರೀಕ್ಷೆ ಮಾಡಿ ನಿನ್ನ ತಮ್ಮನನ್ನು ಆರಿಸಿಕೊ, ಅಕ್ಕಾ. ಗೆದ್ದರೆ ಅವನ ಜಾಗಕ್ಕೆ ನಾನು. ಸೋತರೆ ನೀನೂ ಬೆಳ್ಳಿ."

ಅವಳು ಮೂರನ್ನೂ ಕಲ್ಲಿನ ಮೇಲೆ ಪುಟಿಸಿದಳು. ಮೂರರದೂ ಒಂದೇ ನಾದ. ಅವಳ ಪಾದ ಬೆಳ್ಳಿಯಾಯಿತು.

ತಕ್ಕಡಿಯಲ್ಲಿ ತೂಗಿದಳು. ಮೂರರದೂ ಒಂದೇ ತೂಕ. ಸೊಂಟದವರೆಗೆ ಬೆಳ್ಳಿಯಾಯಿತು.

ಅವಳು ಮಡಿಲಿನಿಂದ ನಶ್ಯದ ಡಬ್ಬಿ ತೆಗೆದು ಮೂರಕ್ಕೂ ಉದುರಿಸಿದಳು. ಮೂರೂ ಸೀನಿದವು.

"ಸೀನನ್ನೂ ಬಿಟ್ಟಿಲ್ಲ ನಾನು!" ಝಂಕಾಲ ನಕ್ಕ. ಬೆಳ್ಳಿ ಅವಳ ಗಂಟಲಿಗೆ ಬಂತು. "ಆರಿಸು!"

ಅವಳು ನಾಣ್ಯಗಳನ್ನೇ ನೋಡುತ್ತ ಕಾದಳು. ಬೆಳ್ಳಿ ಗಲ್ಲ ಮುಟ್ಟಿತು. ಆಗ ನಡುವಿನ ನಾಣ್ಯ ತಿಣುಕಿ ತಿಣುಕಿ ಇನ್ನೊಮ್ಮೆ ಸೀನಿತು.

"ಇವನೇ!"

"ಇನ್ನೊಂದು ಸೀನು ಯಾಕೆ?" ಝಂಕಾಲ ಕಂಗಾಲಾದ.

"ಒಂಟಿ ಸೀನು ಬಿಡಬೇಡ ಅನ್ನೋ ಹಿರಿಯರು ನಿಮ್ಮ ಕಡೆ ಯಾರೂ ಇಲ್ಲವೇನೋ?"

ದುಂಡಪ್ಪ ಮೂಗೊರೆಸಿಕೊಳ್ಳುತ್ತ ಎದ್ದು ನಿಂತ. ಅಕ್ಕನ ಮೈಯ ಬೆಳ್ಳಿ ಕರಗಿತು. ಎಲ್ಲರೂ ಸುಖವಾಗಿದ್ದರು.

ಝಂಕಾಲ ಆ ನಾಣ್ಯದ ಮೇಲಿದ್ದಾನೆ. ವರ್ಷಕ್ಕೊಮ್ಮೆ ಸೀನುತ್ತಾನೆ, ಒಂದೇ ಸಲ. ಆ ದಿನ ಬೊಕ್ಕಸಕ್ಕೆ ರಜೆ.