ಹಳದಿ ಚೀಟಿಯ ಒಂಬತ್ತು ಸೀಸೆ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಪ್ರಯೋಗಾಲಯದ ಮುಖ್ಯಸ್ಥ ಠಾಣೆಗೆ ಬಂದು ದೂರು ಕೊಟ್ಟ. ಫ್ರಿಜ್ಜಿನಿಂದ ಒಂಬತ್ತು ಸೀಸೆ ಔಷಧ ಮಾಯವಾಗಿತ್ತು.

"ಏನು ಔಷಧ?" ಇನ್‌ಸ್ಪೆಕ್ಟರ್ ಕೇಳಿದರು.

"ಇಂಗಾಲದ ಅತಿಸಣ್ಣ ಕಣಗಳು. ಕೈಕಾಲು ನಡುಗೋ ಕಾಯಿಲೆಯಲ್ಲಿ ನರಕೋಶದೊಳಗೆ ಕಿಡಿ ಹುಟ್ಟಿ ಅದನ್ನೇ ಸುಡುತ್ತೆ ಅಂದ್ಕೊಳ್ಳಿ. ಇವು ಆ ಕಿಡಿ ಆರಿಸ್ತವೆ."

"ಇದ್ದಿಲು ಬೆಂಕಿ ಆರಿಸುತ್ತಾ? ನಮ್ಮೂರಲ್ಲಿ ಉಲ್ಟಾ."

ಮುಖ್ಯಸ್ಥ ನಗಲಿಲ್ಲ.

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಸ್ಥಳಕ್ಕೆ ಹೋದರೆ ಫ್ರಿಜ್ಜಿನ ಬೀಗ ಒಡೆದಿರಲಿಲ್ಲ. ಕೆಂಪು ಚೀಟಿಯ ಸೀಸೆಗಳು ಹಾಗೇ ಇದ್ದವು, ಹೋದದ್ದು ಹಳದಿಯವು ಮಾತ್ರ. ಕಾಯಿಲೆ ಬರಿಸಿದ ಇಲಿಗಳಲ್ಲಿ ಒಂದು ಗುಂಪಿಗೆ ಕೆಂಪಿನದು, ಇನ್ನೊಂದಕ್ಕೆ ಹಳದಿಯದು ಚುಚ್ಚುತ್ತಿದ್ದರು. ಎರಡರಲ್ಲೂ ಕಪ್ಪು ನೀರೇ. ಒಂದು ಔಷಧ, ಇನ್ನೊಂದು ಬರೀ ಬಣ್ಣ. ಯಾವುದು ಯಾವುದೆಂದು ಬರೆದ ಲಕೋಟೆಯ ಅರಗು ಒಡೆದಿರಲಿಲ್ಲ. ಪ್ರಯೋಗ ಮುಗಿಯುವವರೆಗೆ ಯಾರಿಗೂ ತಿಳಿಯಬಾರದೆಂಬುದು ನಿಯಮ.

"ನಿಮಗೇ ಗೊತ್ತಿಲ್ಲದ್ದು ಕಳ್ಳನಿಗೆ ಹೆಂಗ್ರೀ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ದನಿ ಏರಿತು. "ಇಲಿಗಳನ್ನ ದಿನಾ ನೋಡೋರು ಯಾರು?"

ಬೋನು ತೊಳೆಯುವ ಹೆಂಗಸನ್ನು ಕರೆಸಿದರು. ಹನ್ನೊಂದು ವರ್ಷದ ಕೆಲಸ. ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು.

"ಏನಮ್ಮಾ, ಹಳದಿ ಇಲಿಗಳು ಹೆಂಗಿವೆ?"

"ಉಂಡೇನ ಎರಡೂ ಕೈಲಿ ಹಿಡ್ಕೊಂಡು ತಿಂತಾವೆ. ಕೆಂಪಿನವು ನಡುಗಿ ಬೀಳಿಸ್ಕೊಂತವೆ."

ಮುಖ್ಯಸ್ಥ ಕುರ್ಚಿಯಿಂದ ಎದ್ದ. "ಇದನ್ನ ನಮಗ್ಯಾಕೆ ಹೇಳಲಿಲ್ಲ?"

"ಹನ್ನೊಂದು ವರ್ಷದಲ್ಲಿ ನೀವು ಕೇಳಿದ್ದು ಒಂದೇ, ಬೋನು ತೊಳೆದ್ಯಾ ಅಂತ."

ಜೊತೆಗೆ ಬಂದಿದ್ದ ಮಹಿಳಾ ಪೇದೆ ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿದಳು.

"ಸೀಸೆ ಎಲ್ಲಿ?"

"ಮನೇಲಿ. ಬನ್ನಿ, ನಾನೇ ತೋರಿಸ್ತೀನಿ."

ಮಧ್ಯಾಹ್ನ 3.40ಕ್ಕೆ ಅವಳ ಮನೆಯಲ್ಲಿ ಇಬ್ಬರು ಪಂಚರ ಮುಂದೆ ಪಂಚನಾಮೆ ಶುರುವಾಯಿತು. ಒಂಬತ್ತೂ ಸೀಸೆ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಹಿಂದೆ ಇದ್ದವು, ಒಂದರ ಮುಚ್ಚಳವೂ ತೆಗೆದಿರಲಿಲ್ಲ. ಮೂಲೆಯಲ್ಲಿ ತೂಕದ ಯಂತ್ರ. ಅದರ ಪಕ್ಕದ ಮೇಜಿನ ಮುಂದೆ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಅವಳ ತಮ್ಮ ಕೂತಿದ್ದ. ಗಡಿಯಾರ ರಿಪೇರಿಯವನು. ಚಿಮುಟಗಳು ಸಾಲಾಗಿ ಧೂಳು ಹಿಡಿದಿದ್ದವು.

"ಇವನಿಗೆ ಯಾಕೆ ಕೊಟ್ಟಿಲ್ಲ?" ಇನ್‌ಸ್ಪೆಕ್ಟರ್ ಅವಳನ್ನು ಕೇಳಿದರು.

"ಇವನನ್ನ ತೂಗಿದೆ. ಐವತ್ತೆರಡು ಕೇಜಿ. ಇಲಿ ಕಾಲು ಕೇಜಿ. ಲೆಕ್ಕ ಹಾಕಿದ್ರೆ ಇಷ್ಟೂ ಅರ್ಧ ದಿನಕ್ಕೂ ಸಾಲಲ್ಲ."

"ಇನ್ನೂರು ಇಲಿ ಸೇರಿದ್ರೆ ನಾನು," ಎಂದ ತಮ್ಮ. "ಬೇಡ ಅಕ್ಕಾ ಅಂದೆ ಸಾರ್. ಕೇಳಲಿಲ್ಲ."

"ಅದು ಮನುಷ್ಯನಿಗೆ ವಿಷ ಆಗಿದ್ರೆ ಏನಮ್ಮಾ ಮಾಡ್ತಿದ್ದೆ?" ಇನ್‌ಸ್ಪೆಕ್ಟರ್ ಗದರಿದರು.

"ಮೊದಲು ನಾನೇ ಚುಚ್ಕೊಂತಿದ್ದೆ."

"ನಾವು ಬರದಿದ್ರೆ ಇನ್ನೂ ಕದೀತಿದ್ಯಾ?"

"ಹೂಂ."

ಪಂಚನಾಮೆಯ ಪ್ರತಿ ಪಡೆದದ್ದಕ್ಕೆ ಅವಳ ತಮ್ಮ ಕೊನೆಯ ಪುಟದಲ್ಲಿ ಸಹಿ ಹಾಕಬೇಕಿತ್ತು. ಪೆನ್ನು ಹಿಡಿದ. ಗೆರೆ ಸಹಿಯ ಜಾಗ ದಾಟಿ, ಪಂಚರ ಹೆಸರುಗಳ ಮೇಲೆ ಹರಿದಾಡಿ, ಕಾಗದದ ಅಂಚಿನಾಚೆ ಮೇಜಿನ ಮೇಲೆ ನಿಂತಿತು.

4.30ಕ್ಕೆ ಅವಳನ್ನು ಬಂಧಿಸಿದರು. ಠಾಣೆಯಲ್ಲಿ ಪೇದೆ ಅವಳ ಹೇಳಿಕೆ ಓದಿ ಹೇಳಿದಳು. "...ಕದ್ದಿರುತ್ತೇನೆ. ನನ್ನಿಂದ ತಪ್ಪಾಗಿರುತ್ತದೆ."

"ಕದ್ದೆ ಅನ್ನೋದು ಇರಲಿ. ತಪ್ಪಾಯ್ತು ಅಂತ ನಾನು ಹೇಳಿಲ್ಲ. ಹೊಡೆದಾಕಿ."

"ಅದಿದ್ರೆ ಜಾಮೀನು ಸಲೀಸಾಗುತ್ತೆ ಅಕ್ಕಾ."

"ಸಲೀಸು ಬೇಡ."

ಇನ್‌ಸ್ಪೆಕ್ಟರ್ ಕಾಗದ ಎಳೆದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದರು. ಅವಳು ಸಹಿ ಮಾಡಿದಳು.

ಆಮೇಲೆ ಅವರು ಕೇಸು ಡೈರಿ ತೆಗೆದು, ಅಪರಾಧದ ಉದ್ದೇಶ ಎಂಬಲ್ಲಿ ತಾವೇ ಬರೆದರು: ಪಂಚನಾಮೆಯ ಕೊನೆಯ ಪುಟದಲ್ಲಿರುವ ಆರೋಪಿಯ ತಮ್ಮನ ಸಹಿ ನೋಡಿ.